ಕಡ ತಂದ ಹಸಿವು

ಬಂದ ನೆಂಟರೆಲ್ಲ ಹೋದ ಮೇಲೆ ಆ ಮನೆಯಲ್ಲಿ ಮೊದಲ ಸಲ ಬರೀ ಬೆಳಗು ಎಂಬಂಥ ಬೆಳಗಾಯಿತು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿಯಿರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿರಲಿಲ್ಲ. ನಳಕ್ಕೆ ನೀರು ಬಿಡುವ ದಿನವಾದ್ದರಿಂದ ಓಣಿಯ ತುಂಬ ಮೋಟರುಗಳು ಗುಂಯ್‌ಗುಟ್ಟುತ್ತಿದ್ದವು. ನೀಲಾಂಬಿಕೆ ಎದ್ದು ನಳದ ಕೆಳಗೆ ಕೊಡ ಇಟ್ಟು, ಅದು ತುಂಬಿ ಹರಿಯುವವರೆಗೂ ನೋಡುತ್ತ ನಿಂತಳು. ಗಂಡ ಸತ್ತ ಮೇಲೆ ನೀರು ಹೇಗೆ ತುಂಬಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನಂತೆಯೇ ತುಂಬಬೇಕಿತ್ತು.

ಫೋನು ಕೂಗಿತು. "ಉಣ್ಣುವ ಹೊತ್ತು" ಎಂದು ಹೆಣ್ಣುದನಿಯೊಂದು ನಯವಾಗಿ ಹೇಳಿತು. ಮುಟ್ಟದಿದ್ದರೆ ಮತ್ತೆ ಹೇಳುತ್ತಿತ್ತು. ನೀಲಾ ಹಾಲಿನಲ್ಲಿ ಪ್ರೋಟೀನ್ ಪುಡಿ ಕಲಸಿ ಚಹದ ಚಮಚದಿಂದ ಒಂದೊಂದೇ ಗುಟುಕು ಕುಡಿದಳು. ನಡುವೆ ನೀರು ಕುಡಿಯುವಂತಿಲ್ಲ, ಅವಸರ ಮಾಡುವಂತಿಲ್ಲ. ತೂಕ ಇಳಿಸಲೆಂದು ಅವಳ ಹೊಟ್ಟೆಯನ್ನು ಕೊಯ್ದು ಬಾಳೆಕಾಯಿಯಷ್ಟು ಮಾಡಿ ಅರ್ಧ ವರ್ಷ ದಾಟಿತ್ತು. ಅರ್ಧ ಲೋಟಕ್ಕೇ ಎದೆಗುಂಡಿಯಲ್ಲಿ ಕಲ್ಲು ಕೂತಂತಾಯಿತು. ಉಳಿದದ್ದನ್ನು ಬಚ್ಚಲಿಗೆ ಸುರಿದಳು. ಹಸಿವೆಂಬುದು ಇರಲಿಲ್ಲ. ಹಸಿವಷ್ಟೇ ಏಕೆ, ಏನೂ ಇರಲಿಲ್ಲ.

ಮಣ್ಣು ಮಾಡಿದ ದಿನ ಓಣಿಯ ಹಿರಿಯ ಹೆಂಗಸರು ಬಳೆ ತೆಗೆಸಲೆಂದು ಅವಳ ಕೈ ಹಿಡಿದಾಗ ಕೈಯಲ್ಲಿ ಬಳೆಗಳೇ ಇರಲಿಲ್ಲ. ಮುಂಗೈ ಸಣ್ಣಗಾಗುತ್ತ ಹೋಗಿ, ಪಾತ್ರೆ ತಿಕ್ಕುವಾಗ ಬಳೆಗಳು ತಾವೇ ಜಾರಿ ಬೀಳತೊಡಗಿದ್ದವು. ಅವನ್ನು ತೆಗೆದು ಟ್ರಂಕಿನಲ್ಲಿಟ್ಟಿದ್ದಳು. ಸಣ್ಣ ಅಳತೆಯವನ್ನು ತರಬೇಕೆಂದಿದ್ದು ಮುಂದಕ್ಕೆ ಹೋಗಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಮೊದಲಽ ತಗದಿಟ್ಟಾಳಲ್ಲವಾ" ಎಂದು ಯಾರೋ ಅಂದರು. ಅತ್ತೆ ಗುರಸಿದ್ದವ್ವ ಮಾತ್ರ ಅತ್ತ ನೋಡಲಿಲ್ಲ. ಅವಳು ಮಗನ ತಲೆಯ ಬಳಿ ಕೂತು ಅವನ ಎಡಗಿವಿಯನ್ನು ಸವರುತ್ತಿದ್ದಳು. ಆ ಕಿವಿ ಆರು ತಿಂಗಳು ನೀಲಾಳ ಹಸಿವನ್ನು ಹೊತ್ತ ಕಿವಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೊಟ್ಟೆ ಕಿರಿದು ಮಾಡುವುದು ಹಳೆಯ ವಿದ್ಯೆ. ಹೊಟ್ಟೆ ಕಿರಿದಾದರೂ ಹಸಿವು ಕಿರಿದಾಗದೆಂಬ ತೊಂದರೆಯೂ ಅಷ್ಟೇ ಹಳೆಯದು. ಮೊದಮೊದಲು ಅದು ಅಡಗಿ ಕೂತಿರುತ್ತದೆ. ಆಮೇಲೊಂದು ದಿನ ಹಳೆಯ ಮೈಯ ಹಸಿವು ಹೊಸ ಹೊಟ್ಟೆಗೆ ಮರಳಿ ಬರುತ್ತದೆ. ಆಗ ಜನ ತಡೆಯಲಾರದೆ ತಿಂದು, ಕಾರಿಕೊಂಡು, ಮತ್ತೆ ತಿಂದು, ಕಳೆದ ತೂಕವನ್ನೆಲ್ಲ ತಿರುಗಿ ಹೊರುತ್ತಾರೆ. ಹಸಿವಿನ ಸುದ್ದಿ ಹೊಟ್ಟೆಯಿಂದ ಮಿದುಳಿಗೆ ಹೋಗುವ ದಾರಿಗಳಲ್ಲಿ ವೇಗಸ್ ಎಂಬ ಉದ್ದನೆಯ ನರವೂ ಒಂದು. ನೀಲಾ ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಆ ನರವನ್ನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದಿದ್ದಳು. ಅದರ ಒಂದು ಎಳೆ ಹೊರಗಿವಿಗೂ ಬರುತ್ತದೆ. ಈ ಎರಡನ್ನು ಯಾರೋ ಜೋಡಿಸಿದರು. ಕೊಯ್ಸಿಕೊಂಡವರ ಪಕ್ಕೆಲುಬಿನ ಕೆಳಗೆ ಕಡಲೆಕಾಳಿನಷ್ಟು ಗುಂಡಿ ಕೂರಿಸುತ್ತಾರೆ. ಅದು ಹಸಿವಿನ ಸುದ್ದಿಯನ್ನು ದಾರಿಯಲ್ಲೇ ತಡೆದು ಹೊರಗೆ ಕಳಿಸುತ್ತದೆ. ಹಿಡಿದುಕೊಳ್ಳುವ ಕೊಂಡಿ ಇನ್ನೊಬ್ಬರ ಕಿವಿಯಲ್ಲಿರುತ್ತದೆ. ಸುಮ್ಮನೆ ತಡೆದಿಟ್ಟರೆ ಸಾಲದೇ ಎಂದು ಮೊದಲು ಹಾಗೆಯೇ ಮಾಡಿದ್ದರಂತೆ. ತಡೆದ ಹಸಿವು ಕೆಲವರಿಗೆ ಮತ್ತೆಂದೂ ಮರಳಲಿಲ್ಲ. ಯಾರಾದರೂ ಹಸಿದು, ಉಂಡು, ತುಂಬಿದ ಸುದ್ದಿ ತಿರುಗಿ ಬಂದರೆ ಮಾತ್ರ ಅದು ಬದುಕಿರುತ್ತದೆ.

ಉಳ್ಳವರು ತಮ್ಮ ಹಸಿವನ್ನು ಮನೆಗೆಲಸದವರ ಕಿವಿಗೆ ಸಿಕ್ಕಿಸಿದ ಕಾಲವೊಂದಿತ್ತು. ಮೊದಲೇ ಹಸಿದವರಿಗೆ ಇನ್ನೊಬ್ಬರ ಹಸಿವು. ಗಲಾಟೆಯೆದ್ದ ಮೇಲೆ ಕಾನೂನು ಬಂತು. ಒಂದೇ ಮನೆಯವರಾಗಿರಬೇಕು, ಗಟ್ಟಿಮುಟ್ಟಾಗಿರಬೇಕು, ತಾವಾಗಿ ಒಪ್ಪಿರಬೇಕು, ವರ್ಷ ದಾಟಬಾರದು. ಸರಕಾರಿ ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಹುಬ್ಬಳ್ಳಿಯ ಜನ ಮಾತ್ರ, ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದಷ್ಟು ಸಲೀಸಾಗಿ, ಹಸಿವು ಕಡ ತಗೊಳ್ಳೋದು ಅಂದರು.

ಚನ್ನವೀರ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕಡ್ಡಿಯಂಥ ಮನುಷ್ಯ. "ಕೊಡಿಲ್ಲೆ, ನಾ ತಗೋತೀನಿ" ಎಂದಿದ್ದ. "ಹುಟ್ಟಿದಾಗಿಂದ ನಮ್ಮವ್ವ ಈ ಹುಡುಗ ಉಣ್ಣಂಗಿಲ್ಲಂತ ಅಳಾಕತ್ತಾಳ. ಆಕೀಗೂ ಒಂದು ಸಮಾಧಾನ."

ಸಮಾಧಾನವಾಯಿತು. ಗುರಸಿದ್ದವ್ವ ಆರು ತಿಂಗಳು ಹಬ್ಬ ಮಾಡಿದಳು. ಮಗ ತಾನಾಗಿ ಇನ್ನೊಂದು ರೊಟ್ಟಿ ಕೇಳುವುದನ್ನು ಆ ತಾಯಿ ಜೀವಮಾನದಲ್ಲಿ ಕಂಡಿರಲಿಲ್ಲ. ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೇಲೆ ಕೆನೆ ಮೊಸರು. ಒಂದೇ ಮನೆಯೊಳಗೆ ಮಾಂಸ ಒಂದು ಮೈಯಿಂದ ಇನ್ನೊಂದಕ್ಕೆ ಸರಿದಂತೆ ನೀಲಾ ಇಳಿದಳು, ಚನ್ನವೀರ ಏರಿದ. ಮೊದಲು ಹಸಿವು ಅವಳ ರೂಢಿಯಂತೆ ಒಂದು ಗಂಟೆಗೆ ಬರುತ್ತಿತ್ತಂತೆ. ಬರಬರುತ್ತ ಅದು ಹೊತ್ತವನ ವೇಳೆ ಕಲಿತು, ವರ್ಕ್‌ಶಾಪಿನ ನಾಲ್ಕರ ಚಹಕ್ಕೆ ಬರತೊಡಗಿತು. "ನಿನ್ನ ಹಸಿವು ಭಾಳ ಹಟಮಾರಿ ಐತಿ ನೋಡು. ಗೇಟಿನ ಮುಂದಿನ ಮಂಡಕ್ಕಿ ಗಿರ್ಮಿಟ್ ಬಿಟ್ಟು ಬ್ಯಾರೆ ಏನೂ ಒಲ್ಲೆಂತೈತಿ" ಎಂದು ಫೋನಿನಲ್ಲಿ ನಗುತ್ತಿದ್ದ.

ಒಂದು ಮಧ್ಯಾಹ್ನ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ಏಳಲಿಲ್ಲ. ರಕ್ತನಾಳ ಹಳೆಯ ಕಾಲದಿಂದಲೇ ಕಟ್ಟಿಕೊಂಡಿತ್ತು, ಆರು ತಿಂಗಳ ಊಟದಿಂದ ಆದದ್ದಲ್ಲ ಎಂದು ಡಾಕ್ಟರು ಹೇಳಿದರು. ನೀಲಾ ತಲೆಯಾಡಿಸಿದಳು. ಆರು ತಿಂಗಳ ಊಟ ಏನೂ ಮಾಡಲಿಲ್ಲವೆಂದು ಅವರು ಹೇಳಲಿಲ್ಲ ಎನ್ನುವುದನ್ನೂ ಗಮನಿಸಿದಳು.

ನೆಂಟರು ಹೋದ ಆ ದಿನ ಮಧ್ಯಾಹ್ನ ಪಕ್ಕದ ಮನೆಯ ಕಸ್ತೂರವ್ವ ಬುತ್ತಿ ತಂದಳು. ರೊಟ್ಟಿ, ಝುಣಕ, ಹಿಂಡಿ, ಮೊಸರು. ಸತ್ತವರ ಮನೆಗೆ ಓಣಿಯವರು ಸರದಿಯ ಮೇಲೆ ಬುತ್ತಿ ತರುವುದು ವಾಡಿಕೆ. ಸರದಿ ಮುಗಿದಿದ್ದರೂ ಆಕೆ ತಂದಿದ್ದಳು.

"ಎಷ್ಟ ಸೊರಗೀಯವಾ ನೀಲಾ" ಎಂದು ಕಸ್ತೂರವ್ವ ಅವಳ ರಟ್ಟೆ ಹಿಡಿದು ನೋಡಿದಳು. "ಗಂಡನ ಚಿಂತಿ ಮೈಮ್ಯಾಲೆ ಕಾಣಾಕತ್ತೈತಿ."

"ಚಿಂತಿ ಅಲ್ಲ, ಕೊಯ್ಸಿಕೊಂಡಾಳ" ಎಂದಳು ಗುರಸಿದ್ದವ್ವ, ಗೋಡೆಗೆ ಒರಗಿ ಕೂತಲ್ಲಿಂದಲೇ. ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದಿದ್ದಳು. "ಹಸಿವು ಕೊಟ್ಟಾಕಿ ಉಳದ್ಲು. ತಗೊಂಡಾವ ಹೋದ."

"ಹಂಗನಬಾರದು ಯಕ್ಕಾ."

"ಮತ್ತ ಹೆಂಗನ್ಲಿ? ಇಬ್ಬರ ಹಸಿವು ಒಬ್ಬನ ಎದಿ ಮ್ಯಾಲೆ ಹೇರಿದ್ರ ಎದಿ ತಡಕೋತೈತೇನು?"

ಕಸ್ತೂರವ್ವ ಬುಟ್ಟಿಯ ಅರಿವೆ ಸರಿಮಾಡಿದಳು. ನೀಲಾಳಿಗೆ ಗೊತ್ತಿದ್ದ ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ. ಸಂಜೆ ನೋಡಿದಾಗ ಬುತ್ತಿ ಬರಿದಾಗಿತ್ತು. ಅತ್ತೆ ಓಣಿಯ ಆಕಳಿಗೆ ಹಾಕಿರಬೇಕು ಎಂದುಕೊಂಡಳು. ಫೋನು ಉಣ್ಣುವ ಹೊತ್ತು ಎಂದಾಗಲೆಲ್ಲ ಅದನ್ನು ಮುಟ್ಟಿ ಸುಮ್ಮನಾಗಿಸುತ್ತಿದ್ದಳು. ಅದೂ ಒಂದು ಕೆಲಸವಾಗಿತ್ತು.

ಮುಂದಿನ ವಾರ ತಪಾಸಣೆಯಿತ್ತು. ಆಸ್ಪತ್ರೆಯ ಮೇಲಂತಸ್ತಿನಲ್ಲಿ ಹಸಿವಿನ ಕೇಂದ್ರ. ಗೋಡೆಯಗಲದ ಪರದೆಯ ಮೇಲೆ ನೂರಾರು ಹಸಿರು ಗೆರೆಗಳು ಏಳುತ್ತ ಬೀಳುತ್ತ ಸರಿಯುತ್ತಿದ್ದವು. ಒಂದೊಂದು ಗೆರೆಯೂ ಒಂದೊಂದು ಮನೆ. ಮಧ್ಯಾಹ್ನದ ಹೊತ್ತಿಗೆ ಗೆರೆಗಳೆಲ್ಲ ಒಟ್ಟಿಗೆ ಏಳುವುದನ್ನು ನೋಡಿದರೆ ಇಡೀ ಊರು ಪಂಕ್ತಿಗೆ ಕೂತಂತೆ ಕಾಣುತ್ತಿತ್ತು. ಅವನ್ನು ಕಾಯುವವಳು ಶಾಹೀನ್. ಮೊದಲ ದಿನದಿಂದ ನೀಲಾಳ ಗೆರೆಯನ್ನು ನೋಡಿಕೊಂಡವಳು.

ಶಾಹೀನ್ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಉಗುರು ನೋಡಿ, ನೆತ್ತಿಯ ಕೂದಲು ಸರಿಸಿ ನೋಡಿದಳು. "ಅಕ್ಕಾರ, ತೂಕ ಇಳೀಲಿ ಅಂದಿದ್ವಿ. ನೀವಽ ಇಳದು ಹೊಂಟೀರಲ್ಲ."

"ತಲಿ ತಿರುಗತೈತಿ. ನಿನ್ನೆ ಮೆಟ್ಟಿಲ ಮ್ಯಾಲೆ ಕುಂತುಬಿಟ್ಟೆ."

"ಉಣ್ಣಂಗಿಲ್ಲೇನು?"

"ಹಸಿವಾಗೂದಿಲ್ಲ."

"ಚೂರೂ ಇಲ್ಲ?"

"ಇಲ್ಲ. ಅಳುನೂ ಬರವಲ್ದು." ನೀಲಾ ಪಕ್ಕೆಲುಬಿನ ಕೆಳಗೆ ಬೆರಳಿಟ್ಟಳು. "ಈ ಗುಂಡಿ ಅದನ್ನೂ ತಡೀತೈತೇನು ಶಾಹೀನ್?"

ಶಾಹೀನ್ ಅವಳ ಮುಖ ನೋಡಿದಳು. "ಇಲ್ಲಕ್ಕಾರ. ಅಳು ನಮ್ಮ ಡಿಪಾರ್ಟ್‌ಮೆಂಟಿಗೆ ಬರೂದಿಲ್ಲ."

ಆಮೇಲೆ ಅವಳು ಕುರ್ಚಿ ಎಳೆದುಕೊಂಡು ಹುಬ್ಬು ಗಂಟಿಕ್ಕಿ ಕೂತಳು. ಲೆಕ್ಕ ಹೊಂದುತ್ತಿರಲಿಲ್ಲ. ಕಿವಿಯ ಕೊಂಡಿಯನ್ನು ಯಾರೂ ಧರಿಸದಿದ್ದರೆ ಒಂದೆರಡು ದಿನದಲ್ಲಿ ಹಸಿವು ತಾನಾಗಿ ಒಡತಿಗೆ ಮರಳಬೇಕು. ಗುಂಡಿಯನ್ನು ಮಾಡಿದ್ದೇ ಹಾಗೆ. ಚನ್ನವೀರ ಹೋದ ಸುದ್ದಿ ಬಂದಾಗ ಹಸಿವು ಮರಳಿರುತ್ತದೆಂದು ನಂಬಿಯೇ ಆ ಮನೆಯ ಗೆರೆಯನ್ನು ದೊಡ್ಡ ಪರದೆಯಿಂದ ತೆಗೆದಿದ್ದರು. ಶಾಹೀನ್ ಅದನ್ನು ಹುಡುಕಿ ಮತ್ತೆ ತೆರೆದಳು.

ಗೆರೆ ಓಡುತ್ತಿತ್ತು.

"ಯಾರೋ ಹೊತ್ತಾರ" ಎಂದಳು ಶಾಹೀನ್ ಮೆಲ್ಲಗೆ. "ದಿನಾ ನಾಕಕ್ಕ ಏಳತೈತಿ, ಆಮ್ಯಾಲೆ ಇಳೀತೈತಿ. ಉಣ್ಣಾಕತ್ತಾರ."

ನೀಲಾ ಆ ಹಸಿರು ಗೆರೆಯನ್ನು ನೋಡಿದಳು. ನಾಲ್ಕರ ಗುಡ್ಡ. ಅದರ ಏರಿಕೆ, ತುದಿಯಲ್ಲಿ ಒಂದು ಕ್ಷಣದ ತಡೆ, ಇಳಿಜಾರು. ಒಂದು ಗಳಿಗೆ, ಒಂದೇ ಗಳಿಗೆ, ಅವನು ಎಲ್ಲಿಯೋ ಗೇಟಿನ ಮುಂದೆ ನಿಂತು ತಿನ್ನುತ್ತಿದ್ದಾನೆ ಎಂದೇ ಅವಳಿಗೆ ಅನಿಸಿತು. ಪ್ರಾಣಿಶಾಸ್ತ್ರ ಓದಿದವಳು ಹಾಗೆ ಅಂದುಕೊಂಡಳು.

"ಅಕ್ಕಾರ, ಕೊಂಡಿ ಯಾರ ಕಡೆ ಐತಿ?"

ಆಸ್ಪತ್ರೆಯವರು ಗಡಿಯಾರ, ಉಂಗುರ, ಕೊಂಡಿ ಮೂರನ್ನೂ ಕರವಸ್ತ್ರದಲ್ಲಿ ಕಟ್ಟಿ ಅತ್ತೆಯ ಉಡಿಗೆ ಹಾಕಿದ್ದು ನೆನಪಾಯಿತು. ಕಿವಿ ಮುಚ್ಚುವ ಸೆರಗೂ ನೆನಪಾಯಿತು.

ಅವಳು ಮನೆ ಸೇರಿದಾಗ ನಾಲ್ಕು ದಾಟಿತ್ತು. ಗುರಸಿದ್ದವ್ವ ಅಡಿಗೆಮನೆಯ ನೆಲದ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಮುಂದೆ ಪರಾತದ ತುಂಬ ಮಂಡಕ್ಕಿ ಗಿರ್ಮಿಟ್. ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಎಡಗಿವಿಯಲ್ಲಿ ಕೊಂಡಿ ಇತ್ತು. ಹಸಿದವರು ತಿನ್ನುವಂತೆ ಅವಳು ತಿನ್ನುತ್ತಿರಲಿಲ್ಲ. ಕೂಸಿಗೆ ಉಣಿಸುವವಳಂತೆ ಸಣ್ಣ ಸಣ್ಣ ತುತ್ತು ಮಾಡಿ ತನ್ನ ಬಾಯಿಗೆ ತಾನೇ ಇಟ್ಟುಕೊಳ್ಳುತ್ತಿದ್ದಳು. "ಹ್ಞೂಂ, ಇನ್ನೊಂದು. ಇದೊಂದು" ಎಂದು ಸಣ್ಣ ದನಿಯಲ್ಲಿ ರಮಿಸುತ್ತಿದ್ದಳು.

"ಅತ್ತಿ."

ಗುರಸಿದ್ದವ್ವ ತಿರುಗಲಿಲ್ಲ. "ಈಗ ಬಂದೈತಿ. ಮುಗೀಲಿ ತಡಿ."

ನೀಲಾ ಹೊಸ್ತಿಲ ಮೇಲೆ ಕೂತು ಅದು ಮುಗಿಯುವವರೆಗೆ ಕಾದಳು. ಮುಗಿದ ಮೇಲೆ ಮುದುಕಿ ಬಾಯಿ ಒರೆಸಿಕೊಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಅಂಜಿಕೆಯೇನೂ ಇಲ್ಲದೆ ಹೇಳಿದಳು: "ಮಣ್ಣಿಗೆ ಎಡಿ ಇಟ್ಟು ಬಂದ್ವಿ. ಮಣ್ಣು ಉಣತೈತೇನು? ಇದು ಉಣತೈತಿ."

"ಅದು ನನ್ನ ಹಸಿವು ಅತ್ತಿ."

"ನಿಂದಾಗಿದ್ರ ಒಂದಕ್ಕ ಬರ್ತಿತ್ತು. ನಾಕರ ಚಾ ಯಾರದು? ಉಳ್ಳಾಗಡ್ಡಿ ಹೆಚ್ಚಿಗಿ ಬೇಡೋರು ಯಾರು?"

ಕೊಂಡಿ ವೇಳೆಯನ್ನು ಹೊರುತ್ತದೆ, ಉಳ್ಳಾಗಡ್ಡಿಯನ್ನು ಹೊರುವುದಿಲ್ಲ. ನೀಲಾ ಅತ್ತೆಯ ಪಾದಗಳನ್ನು ನೋಡುತ್ತಿದ್ದಳು. ಅವು ಬಾತುಕೊಂಡಿದ್ದವು. ಹೆಬ್ಬೆರಳ ಪಕ್ಕದಲ್ಲಿ ಗಾಯವೊಂದು ಮಾಯದೆ ಕಪ್ಪಾಗಿತ್ತು. ಗುರಸಿದ್ದವ್ವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ನೀಲಾ ಯಂತ್ರ ತಂದು ಅವಳ ಬೆರಳು ಚುಚ್ಚಿ ರಕ್ತ ಹಚ್ಚಿದಳು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಅಳತೆ ಮೀರಿದೆ ಎಂದಷ್ಟೇ ತೋರಿಸಿತು.

"ಹಿಂಗಾದ್ರ ಕಾಲು ಹೋಗತೈತಿ. ಆಮ್ಯಾಲೆ ನೀವು ಹೋಗ್ತೀರಿ."

"ಹೋಗ್ಲಿ. ಇಟಗೊಂಡು ಏನು ಮಾಡೂದೈತಿ?"

"ಕೊಂಡಿ ಬಿಚ್ಚಿಕೊಡ್ರಿ."

"ಕೊಡೂದಿಲ್ಲ. ಮಗನ್ನ ನಿನ್ನ ಕೈಯಾಗ ಕೊಟ್ಟಿದ್ದು ಒಂದು ಸಲ ಸಾಕಾಗೈತಿ ನನಗ."

ನೀಲಾಳಿಗೆ ಸಿಟ್ಟು ಬರಬೇಕಿತ್ತು. ದಣಿವು ಮಾತ್ರ ಬಂತು. ಎದ್ದು ಹೋಗಿ ಮಲಗಿಬಿಡಬಹುದಿತ್ತು. ಮುದುಕಿ ಉಂಡು ಉಂಡು ಸಾಯಲಿ, ತಾನು ಉಣ್ಣದೆ ಸಾಯಲಿ. ಅದರಲ್ಲೂ ಒಂದು ಸಮತೂಕವಿತ್ತು. ಗೋಡೆಗೆ ತಲೆಯಾನಿಸಿ ಕೂತಳು.

"ಆ ಹಸಿವು ಹುಟ್ಟೂದು ಎಲ್ಲಿ, ಗೊತ್ತೈತೇನು ಅತ್ತಿ?" ಎಂದಳು. "ಬೇರು ನನ್ನ ಹೊಟ್ಟ್ಯಾಗ ಐತಿ. ನಾ ಉಣ್ಣಾಕತ್ತಿಲ್ಲ. ಡಾಕ್ಟರು ಸಲಾಯಿನ್ ಹಚ್ಚಬೇಕಾಗತೈತಿ ಅಂದಾರ. ನಾ ಹೋದ ದಿನ ನಿಮ್ಮ ಕಿವ್ಯಾಗಿನ ನಾಕರ ಹಸಿವೂ ಹೋಗತೈತಿ."

ಗುರಸಿದ್ದವ್ವ ಪರಾತದ ಅಂಚಿನಲ್ಲಿ ಉಳಿದ ಮಂಡಕ್ಕಿಯನ್ನು ಒಂದೆಡೆ ಗುಡ್ಡೆ ಮಾಡಿದಳು. "ನಿನ್ನ ಕಡೆ ಬಂದ್ರ ಅದು ನಾಕಕ್ಕಽ ಬರತೈತೇನು?"

"ಬರತೈತಿ."

"ಯಾವಾಗ್ಲೂ?"

ಸುಳ್ಳು ಹೇಳಬಹುದಿತ್ತು. "ಇಲ್ಲ. ಕೆಲವು ವಾರ. ಆಮ್ಯಾಲೆ ನನ್ನ ಮೈ ಅದನ್ನ ತನ್ನ ಹಾದಿಗೆ ಹಚ್ಚಿಕೋತೈತಿ."

"ಆಮ್ಯಾಲೆ ಅವನೂ ಇಲ್ಲ."

"ಆಮ್ಯಾಲೆ ಅವರೂ ಇಲ್ಲ."

ಹೊರಗೆ ಕಸ್ತೂರವ್ವ ಯಾರನ್ನೋ ಗದರಿಸುತ್ತಿದ್ದುದು ಕೇಳಿಸಿತು. ಗುರಸಿದ್ದವ್ವ ಪರಾತವನ್ನು ಪಕ್ಕಕ್ಕೆ ಸರಿಸಿದಳು.

"ನಿನ್ನ ಹೊಟ್ಟಿ ಬಾಳಿಕಾಯಷ್ಟು ಐತಿ. ಅಷ್ಟು ದೊಡ್ಡ ಹಸಿವು ಇಟಗೊಂಡು ಎಷ್ಟ ಉಣತಿ?"

"ಎರಡು ತುತ್ತು."

"ಎರಡು ತುತ್ತಿಗೆ ನನ್ನ ಮಗ ಏಳತಿದ್ದಿಲ್ಲ."

"ಏಳತಿದ್ರು. ಸಣ್ಣಾವಿದ್ದಾಗ ಎರಡಕ್ಕಽ ಎದ್ದು ಓಡತಿದ್ದ ಅಂತ ನೀವಽ ಹೇಳೀರಿ."

ಮುದುಕಿಯ ಮುಖದಲ್ಲಿ ಏನೋ ಸಡಿಲಾಯಿತು, ನಗೆಯೆಂದು ಹೇಳಲಾಗದು. "ಓಡತಿದ್ದ ಖರೆ. ಕೈಯಾಗ ತುತ್ತು ಹಿಡಕೊಂಡು ಓಣಿ ತುಂಬ ಬೆನ್ನು ಹತ್ತತಿದ್ದೆ." ಆಮೇಲೆ ದನಿ ತಗ್ಗಿಸಿ, ಇಬ್ಬರಿಗೂ ಸೇರಿದ ಮಾತೊಂದನ್ನು ನೆಲಕ್ಕಿಡುವಂತೆ ಅಂದಳು: "ನೀ ಕೊಟ್ಟಿ. ನಾ ಉಣಿಸಿದೆ."

ನೀಲಾ ಅತ್ತೆಯ ಬಾತ ಪಾದವನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಗಾಯಕ್ಕೆ ಔಷಧ ಹಚ್ಚಿ ಬಟ್ಟೆ ಸುತ್ತಿದಳು.

ಮರುದಿನ ಇಬ್ಬರೂ ಆಟೊದಲ್ಲಿ ಕೇಂದ್ರಕ್ಕೆ ಹೋದರು. ಗುರಸಿದ್ದವ್ವ ಸ್ಟೀಲ್ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಮುಚ್ಚಳದ ಸುತ್ತ ಉಳ್ಳಾಗಡ್ಡಿಯ ವಾಸನೆಯಿತ್ತು.

"ಅಮ್ಮಾರ, ನಿಮ್ಮ ಮ್ಯಾಲೆ ಕೇಸು ಹಾಕಬೇಕು ನೋಡ್ರಿ. ಸರಕಾರಕ್ಕ ಗೊತ್ತಿಲ್ಲದ ಹಸಿವು ಹೊತ್ತೀರಿ" ಎಂದಳು ಶಾಹೀನ್.

"ಹಾಕವಾ. ಜೇಲಿನ್ಯಾಗೂ ನಾಕಕ್ಕ ಚಾ ಕೊಡ್ತಾರಂತ."

ಇಬ್ಬರನ್ನೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರಿಸಿ ಶಾಹೀನ್ ಪರದೆಯ ಮೇಲೆ ಅವರದೊಂದೇ ಗೆರೆಯನ್ನು ಇಟ್ಟಳು. ಹಸಿವನ್ನು ಒಮ್ಮೆಲೇ ಮರಳಿಸಿದರೆ ಹೊಟ್ಟೆ ಸೆಟೆದುಕೊಳ್ಳುತ್ತದೆ. ಅತ್ತೆಯ ಕಿವಿಯಲ್ಲಿ ಚೂರು ಚೂರೇ ತಗ್ಗಿಸುತ್ತ, ಸೊಸೆಯ ಪಕ್ಕೆಯಲ್ಲಿ ಅಷ್ಟಷ್ಟೇ ಬಿಡಬೇಕು. ವೇಳೆ ನಾಲ್ಕರ ಹತ್ತಿರ ಬಂದಿತ್ತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಪಕ್ಕೆಲುಬಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ನೀಲಾ ಕುರ್ಚಿಯ ಕೈ ಹಿಡಿದಳು. ಅದು ಏರಿತು. ಅದು ಇಷ್ಟು ದೊಡ್ಡದೆಂಬುದನ್ನು ಅವಳು ಮರೆತಿದ್ದಳು. ಇದನ್ನೇ ಹೊತ್ತುಕೊಂಡು ಅವನು ದಿನವೂ ಮೆಟ್ಟಿಲು ಹತ್ತಿದ್ದ, ಫೋನಿನಲ್ಲಿ ನಕ್ಕಿದ್ದ. ಹಸಿವು ಅವಳದೇ, ಆದರೆ ಅವಳ ವೇಳೆಗೆ ಬಂದದ್ದಲ್ಲ. ಪಾಳಿ ಬಿಟ್ಟವನಂತೆ ಅವಸರದಲ್ಲಿ ಬಂದಿತ್ತು.

"ಅತ್ತಿ, ಹಸಿವಾಗೇತಿ" ಎಂದಳು.

ಗುರಸಿದ್ದವ್ವ ಡಬ್ಬಿ ತೆರೆದು, ಮಂಡಕ್ಕಿಯನ್ನು ಬೆರಳಲ್ಲಿ ಮೆದುಮಾಡಿ ಅವಳ ಬಾಯಿಗಿಟ್ಟಳು. ಆಸ್ಪತ್ರೆಯವರು ಕಲಿಸಿಕೊಟ್ಟಂತೆ ನೀಲಾ ಬಹಳ ಹೊತ್ತು ಅಗಿದು ನುಂಗಿದಳು. ಎರಡನೆಯದು ಇಳಿಯುವಾಗಲೇ ಎದೆಗುಂಡಿ ಬಿಗಿಯಿತು. ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು.

"ಇದೊಂದು" ಎಂದಳು ಮುದುಕಿ.

"ಆಗೂದಿಲ್ಲ ಅತ್ತಿ."

ಎತ್ತಿದ ತುತ್ತನ್ನು ಗುರಸಿದ್ದವ್ವ ಮೆಲ್ಲಗೆ ಡಬ್ಬಿಗೆ ಹಾಕಿದಳು. ಹಸಿವು ಇನ್ನೂ ಇತ್ತು. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಅದನ್ನು ಇಟ್ಟುಕೊಂಡೇ ಕೂರಬೇಕಿತ್ತು. ನೀಲಾ ಕೂತಳು.

ಪರದೆಯ ಮೇಲೆ ಗುಡ್ಡ ತುದಿ ಮುಟ್ಟಿ, ಅರೆಗಳಿಗೆ ನಿಂತು, ಇಳಿಯಿತು. ಗುರಸಿದ್ದವ್ವ ತನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿಕೊಂಡಳು. "ಇಲ್ಲೇನೂ ಇಲ್ಲೀಗ" ಎಂದಳು. ಕೊಂಡಿಯನ್ನು ಬಿಚ್ಚಿ, ಸೆರಗಿನ ತುದಿಯಿಂದ ಒರೆಸಿ, ಶಾಹೀನ್ ಕೈ ಚಾಚಿದ್ದರೂ ಅವಳಿಗೆ ಕೊಡದೆ ಸೊಸೆಯ ಅಂಗೈಯಲ್ಲಿಟ್ಟಳು. ಕಿವಿಯ ಬಿಸಿ ಅದರಲ್ಲಿ ಇನ್ನೂ ಉಳಿದಿತ್ತು.

ನೀಲಾ ಎದ್ದು ಕೌಂಟರಿನ ಹತ್ತಿರ ಹೋದಳು. ಶಾಹೀನ್ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದಳು.

"ಯಾರು ವಾಪಸ್ ಕೊಟ್ರು ಅಂತ ಹಾಕಲಿ ಅಕ್ಕಾರ? ನಿಮ್ಮ ಹೆಸರೋ, ಅಮ್ಮಾರ ಹೆಸರೋ?"

"ಅವರಽ ತಗೊಂಡಿದ್ರು" ಎಂದಳು ನೀಲಾ. "ಅವರಽ ಕೊಟ್ಟಾರ ಅಂತ ಹಾಕು."

ಶಾಹೀನ್ ಚನ್ನವೀರನ ಹೆಸರು ಬರೆದು, ಸ್ಟೀಲಿನ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ನೀಲಾ ಕೊಂಡಿಯನ್ನು ಅದರಲ್ಲಿಟ್ಟು ಕೈ ತೆಗೆದಳು.